ಹಿತ್ತಲ ಕೋಳಿಗಳಿಗೆ ಭದ್ರವಾದ ಮನೆಯೂ ಬಲೆಯ ಅಂಗಳವೂ

(ಸಿರಿಗೇರಿ ಸೀಮೆಯ ಕರಿಯ ಭೂಮಿಗೆ ಹೊಂದುವ ಕ್ರಮ)

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿ ಮತ್ತು ಅದರ ಸುತ್ತಣ ಗ್ರಾಮಗಳಲ್ಲಿ ಹಿತ್ತಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕುವ ಪದ್ಧತಿಯು ಹಿಂದಿನಿಂದಲೂ ಇದ್ದೇ ಇದೆ. ಇವುಗಳಿಗೆ ರೈತನು ಹೆಚ್ಚಿನ ಹಣವನ್ನು ವೆಚ್ಚಮಾಡುವುದಿಲ್ಲ. ಕಣದಲ್ಲಿ ಉದುರಿದ ಕಾಳು, ಅಡಿಗೆಮನೆಯ ಮಿಕ್ಕ ಕೂಳು, ತಿಪ್ಪೆಯ ಹುಳು ಇವುಗಳಿಂದಲೇ ಅವು ಬದುಕುವುವು. ಮೊಟ್ಟೆ ಮತ್ತು ಮರಿಗಳ ಮಾರಾಟದಿಂದ ಬರುವ ಹಣವು ಸಾಮಾನ್ಯವಾಗಿ ಮನೆಯ ಹೆಂಗಸರ ಕೈಗೆ ಸೇರತಕ್ಕದ್ದಾಗಿದ್ದು, ಮಕ್ಕಳ ಪುಸ್ತಕಕ್ಕೂ ಸಂತೆಯ ಸಣ್ಣಪುಟ್ಟ ಖರ್ಚಿಗೂ ಒದಗುವುದು. ಹೀಗಿರುವುದರಿಂದ ಒಂದೇ ರಾತ್ರಿಯಲ್ಲಿ ಮುಂಗುಸಿಯೋ ನಾಯಿಯೋ ನುಗ್ಗಿ ಹತ್ತು ಕೋಳಿಗಳನ್ನು ಕೊಂದುಹಾಕಿದರೆ, ಆ ನಷ್ಟವು ಲೆಕ್ಕದ ಪುಸ್ತಕದಲ್ಲಿ ಕಾಣದಿದ್ದರೂ ಸಂಸಾರಕ್ಕೆ ಮಾತ್ರ ಬಲವಾಗಿ ತಟ್ಟುವುದು.

ರಾತ್ರಿ ಬುಟ್ಟಿಯ ಕೆಳಗೆ ಮುಚ್ಚಿಡುವುದು, ಜಗುಲಿಯ ಕೆಳಗಣ ಗೂಡಿನಲ್ಲಿ ಕೂಡಿ ಬಾಯಿಗೆ ಕಲ್ಲು ಒರಗಿಸುವುದು, ಇಲ್ಲವೆ ಮರದ ಮೇಲೆ ಮಲಗಬಿಡುವುದು, ಇವೇ ವಾಡಿಕೆಯ ಉಪಾಯಗಳು. ಮೂರು ನಾಲ್ಕು ನಾಟಿ ಕೋಳಿಗಳಿಗೆ ಇವು ಹೇಗೋ ಸಾಗಬಹುದು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಲ್ಪಟ್ಟ ಗಿರಿರಾಜ ಮೊದಲಾದ ಭಾರವಾದ ತಳಿಗಳನ್ನು ತಂದವರಿಗೆ ಇವು ಸಾಲವು. ಆ ಕೋಳಿಗಳು ನಾಟಿ ಕೋಳಿಯಂತೆ ಹಾರಿ ಮರವನ್ನು ಸೇರಲಾರವು. ಬುಟ್ಟಿಯ ಕೆಳಗೆ ಇಕ್ಕಟ್ಟಾಗಿ ಕೂಡಿದರೆ ಬೇಸಗೆಯ ರಾತ್ರಿಯಲ್ಲಿ ಉಸಿರುಕಟ್ಟಿ ಸಾಯುವುದೂ ಉಂಟು. ಆದುದರಿಂದ ಹನ್ನೆರಡು ಕೋಳಿಗಳಿಗೆ ಸಾಕಾಗುವ ಒಂದು ಭದ್ರವಾದ ಮನೆಯನ್ನೂ ಅದಕ್ಕೆ ಹೊಂದಿದ ಬಲೆಯ ಅಂಗಳವನ್ನೂ ಕಟ್ಟುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಶತ್ರುಗಳ ಸ್ವಭಾವ

ಕೋಳಿಮನೆಯನ್ನು ಕಟ್ಟುವುದಕ್ಕೆ ಮೊದಲು ಯಾವ ಪ್ರಾಣಿಯು ಯಾವ ದಾರಿಯಿಂದ ಬರುವುದೆಂಬುದನ್ನು ತಿಳಿದಿರಬೇಕು. ನಾಯಿಯು ಬಲದಿಂದ ಬರುವುದು. ತೆಳುವಾದ ತಂತಿಬಲೆಯನ್ನು ಹಲ್ಲಿನಿಂದ ಹರಿದು, ಬುಡದಲ್ಲಿ ಕೆದರಿ, ಒಳನುಗ್ಗಿ ಸಿಕ್ಕಿದುದನ್ನೆಲ್ಲಾ ಸಿಗಿದುಹಾಕುವುದು. ನರಿಯು ನೆಲವನ್ನು ತೋಡುವುದರಲ್ಲಿ ನಿಪುಣ. ಮುಂಗುಸಿಯು ಅಂಗೈಯಗಲದ ಸಂದಿದ್ದರೂ ಸಾಕು, ನುಸುಳಿ ಬಂದು ಕುತ್ತಿಗೆಯನ್ನು ಕಚ್ಚಿ, ತಿನ್ನುವುದಕ್ಕಿಂತ ಹೆಚ್ಚು ಕೋಳಿಗಳನ್ನು ಕೊಲ್ಲುವುದು. ಕಾಡುಬೆಕ್ಕೂ ಊರಬೆಕ್ಕೂ ಮೇಲಿನಿಂದ ಹತ್ತಿ ಇಳಿಯುವುವು. ಹೆಗ್ಗಣವು ಕೆಳಗಿನಿಂದ ಬಿಲವನ್ನು ಕೊರೆದು ಮೊಟ್ಟೆಗಳನ್ನೂ ಎಳೆಯ ಮರಿಗಳನ್ನೂ ಎಳೆದೊಯ್ಯುವುದು. ಗಿಡುಗ, ಹದ್ದು, ಕಾಗೆಗಳು ಹಗಲಿನಲ್ಲಿಯೇ ಮರಿಗಳ ಮೇಲೆ ಎರಗುವುವು. ಗರಿಯಾಗಲಿ ರಕ್ತದ ಗುರುತಾಗಲಿ ಇಲ್ಲದೆ ಮೊಟ್ಟೆಗಳೂ ಮರಿಗಳೂ ಮಾಯವಾದರೆ ಹಾವು ಬಂದಿರಬಹುದೆಂದು ಊಹಿಸಬೇಕು. ಅದು ಇಡಿಯಾಗಿ ನುಂಗುವುದಾದುದರಿಂದ ಗುರುತೇನೂ ಉಳಿಯುವುದಿಲ್ಲ.

ಇವುಗಳನ್ನು ಕೊಲ್ಲಲು ವಿಷವಿಡುವುದು ಸರ್ವಥಾ ಕೂಡದು. ವಿಷವು ಸಾಕಿದ ನಾಯಿಗೂ ಕೋಳಿಗಳಿಗೂ ತಗಲುವುದಲ್ಲದೆ, ಮುಂಗುಸಿ, ನಾಗರಹಾವು ಮೊದಲಾದುವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿರುವುವು. ಮೇಲಾಗಿ ಒಂದನ್ನು ಕೊಂದರೆ ಇನ್ನೊಂದು ಬರುವುದು. ದಾರಿಯನ್ನು ಮುಚ್ಚಿದರೆ ಯಾವುದೂ ಬರುವುದಿಲ್ಲ.

ಸ್ಥಳ ಮತ್ತು ದಿಕ್ಕು

ಸಿರಿಗೇರಿ ಸೀಮೆಯ ಕರಿಯ ಭೂಮಿಯು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವುದು, ಬೇಸಗೆಯಲ್ಲಿ ಒಣಗಿ ಆಳವಾದ ಬಿರುಕುಗಳನ್ನು ಬಿಡುವುದು. ಈ ಎರಡು ಗುಣಗಳೂ ಕೋಳಿಮನೆಗೆ ಹಾನಿಕರವಾದುವು. ಉಬ್ಬಿದಾಗ ಆಳವಿಲ್ಲದ ಗೋಡೆಯು ಸೀಳುವುದು, ನೆಟ್ಟ ಕಂಬವು ವಾಲುವುದು. ಬಿರಿದಾಗ ಬಲೆಯ ಕೆಳಗೆ ಸಂದುಗಳು ತೆರೆದು ಇಲಿ, ಹಾವುಗಳಿಗೆ ದಾರಿಯಾಗುವುದು. ಆದುದರಿಂದ ಹಿತ್ತಲಿನಲ್ಲಿ ಎತ್ತರವಾಗಿದ್ದು ನೀರು ನಿಲ್ಲದೆ ಹರಿದುಹೋಗುವ ಸ್ಥಳವನ್ನೇ ಆರಿಸತಕ್ಕದ್ದು. ತಿಪ್ಪೆ, ಕಟ್ಟಿಗೆಯ ರಾಶಿ, ಹುಲ್ಲಿನ ಬಣವೆ ಇವುಗಳಿಂದ ಕೆಲವು ಮಾರು ದೂರವಿರಬೇಕು. ಏಕೆಂದರೆ ಮುಂಗುಸಿಗೂ ಹಾವಿಗೂ ಅವೇ ಅಡಗುದಾಣಗಳು. ಆದರೆ ಮನೆಯವರು ಮಲಗುವ ಸ್ಥಳಕ್ಕೆ ಕೋಳಿಗಳ ಕೂಗು ಕೇಳಿಸುವಷ್ಟು ಹತ್ತಿರದಲ್ಲಿರುವುದು ಒಳ್ಳೆಯದು.

ಕೋಳಿಮನೆಯ ಉದ್ದವು ಪೂರ್ವ ಪಶ್ಚಿಮವಾಗಿರಬೇಕು. ಹೀಗಿದ್ದರೆ ಬೆಳಗಿನ ಮತ್ತು ಸಂಜೆಯ ಓರೆಬಿಸಿಲು ಒಳಕ್ಕೆ ಹೆಚ್ಚಾಗಿ ಬೀಳದು. ಪಶ್ಚಿಮದ ಕಡೆಗೆ ಪೂರ್ಣ ಗೋಡೆಯಿದ್ದು ಉತ್ತರ ದಕ್ಷಿಣಗಳಲ್ಲಿ ಮೇಲ್ಭಾಗವು ಬಲೆಯಿಂದ ಕೂಡಿ ಗಾಳಿಯಾಡುವಂತಿರಬೇಕು. ಪಶ್ಚಿಮಕ್ಕೆ ಸ್ವಲ್ಪ ದೂರದಲ್ಲಿ ಒಂದು ಬೇವು ಅಥವಾ ನುಗ್ಗೆಯನ್ನು ನೆಟ್ಟರೆ ಮಧ್ಯಾಹ್ನದ ಮೇಲಿನ ಬಿಸಿಲಿಗೆ ತಡೆಯಾಗುವುದು.

ತಳಪಾಯ

ಮನೆಯ ಅಳತೆಯು ಒಳಗೆ 6 ಅಡಿ ಉದ್ದ, 4 ಅಡಿ ಅಗಲವಿರಲಿ. ಇದರಿಂದ ಕೋಳಿಯೊಂದಕ್ಕೆ 2 ಚದರಡಿಯ ನೆಲವು ದೊರೆಯುವುದು. ಮೊದಲು ಈ ಅಳತೆಗಿಂತ ಸುತ್ತಲೂ ಒಂದು ಅಡಿ ಹೆಚ್ಚಾಗಿ 2 ಅಡಿ ಆಳದವರೆಗೆ ಕರಿಯ ಮಣ್ಣನ್ನು ತೆಗೆದುಹಾಕಬೇಕು. ಆ ಗುಂಡಿಯಲ್ಲಿ ಗರಸು ಮಣ್ಣನ್ನು ಅರ್ಧ ಅಡಿಯ ಪದರಗಳಾಗಿ ಹಾಕಿ, ನೀರು ಚಿಮುಕಿಸಿ, ದಿಮ್ಮಿಸಿನಿಂದ ಬಲವಾಗಿ ಬಡಿಯತಕ್ಕದ್ದು. ಕರಿಯ ಮಣ್ಣನ್ನು ಮತ್ತೆ ಅದೇ ಗುಂಡಿಗೆ ತುಂಬಿದರೆ ಪಟ್ಟ ಶ್ರಮವೆಲ್ಲವೂ ವ್ಯರ್ಥವಾಗುವುದು.

ಈ ಗಟ್ಟಿ ನೆಲದ ಮೇಲೆ ಒಂದೂವರೆ ಅಡಿ ಎತ್ತರದ ಕಟ್ಟೆಯನ್ನು ಕಟ್ಟಿ, ಮೇಲೆ ಬಂಡೆಯ ಚಪ್ಪಡಿಗಳನ್ನು ಹಾಸಿ, ಸಂದುಗಳನ್ನು ಸಿಮೆಂಟಿನಿಂದ ಮುಚ್ಚಬೇಕು. ಬಳ್ಳಾರಿ ಸೀಮೆಯಲ್ಲಿ ಕಲ್ಲಿಗೆ ಕೊರತೆಯಿಲ್ಲ. ಚಪ್ಪಡಿಯ ನೆಲವನ್ನು ಹೆಗ್ಗಣವು ಕೊರೆಯಲಾರದು, ನರಿಯು ತೋಡಲಾರದು. ನೆಲವನ್ನು ತೊಳೆಯುವುದೂ ಸುಲಭ.

ಗೋಡೆ ಮತ್ತು ಛಾವಣಿ

ನಾಲ್ಕು ಮೂಲೆಗಳಲ್ಲಿ 9 ಅಡಿಯ ಕಲ್ಲುಕಂಬಗಳನ್ನು 2 ಅಡಿ ಆಳಕ್ಕೆ ಹೂತು ನಿಲ್ಲಿಸಬೇಕು. ಉತ್ತರ ದಕ್ಷಿಣಗಳಲ್ಲಿ ಕಟ್ಟೆಯಿಂದ ಎರಡೂವರೆ ಅಡಿಯವರೆಗೆ ಇಟ್ಟಿಗೆಯ ಗೋಡೆ, ಅದರ ಮೇಲೆ ಎರಡೂವರೆ ಅಡಿಯವರೆಗೆ ಬಲೆ. ಈ ಬಲೆಯು ಅರ್ಧ ಅಂಗುಲದ ಕಣ್ಣುಳ್ಳ, ಅಂಗಡಿಗಳಲ್ಲಿ ವೆಲ್ಡ್ ಮೆಶ್ ಎಂದು ಕರೆಯುವ, ಬೆಸೆದ ತಂತಿಯದೇ ಆಗಿರಬೇಕು. ಆರು ಮೂಲೆಯ ಕಣ್ಣುಳ್ಳ ತೆಳುವಾದ ಕೋಳಿ ಜಾಲರಿಯು ಕೋಳಿಯನ್ನು ಒಳಗೆ ಇಡಬಲ್ಲುದೇ ಹೊರತು ನಾಯಿಯನ್ನು ಹೊರಗೆ ಇಡಲಾರದು. ಹಲವರ ನಷ್ಟಕ್ಕೆ ಈ ಭೇದವನ್ನು ಅರಿಯದಿರುವುದೇ ಕಾರಣವಾಗಿದೆ. ಗೋಡೆಯ ಒಳಮೈಯನ್ನು ನುಣ್ಣಗೆ ಗಾರೆಮಾಡಿ ಸುಣ್ಣ ಬಳಿಯತಕ್ಕದ್ದು.

ಪೂರ್ವದ ಗೋಡೆಯಲ್ಲಿ ಮನುಷ್ಯನು ಬಾಗಿ ಒಳಹೋಗಿ ಗುಡಿಸುವುದಕ್ಕೆ 2 ಅಡಿ ಅಗಲ, 4 ಅಡಿ ಎತ್ತರದ ಬಾಗಿಲನ್ನೂ, ಅದರ ಪಕ್ಕದಲ್ಲಿ ಕೋಳಿಗಳು ಹೋಗಿಬರಲು ಒಂದು ಅಡಿ ಅಗಲ, 14 ಅಂಗುಲ ಎತ್ತರದ ಕಂಡಿಯನ್ನೂ ಇಡಬೇಕು. ಕಂಡಿಗೆ ಮೇಲಿನಿಂದ ಜಾರಿ ಇಳಿಯುವ ಹಲಗೆಯಿರಲಿ. ಎರಡಕ್ಕೂ ಅಗುಳಿಯಿದ್ದರೆ ಮಾತ್ರ ಸಾಲದು, ಅಗುಳಿಯು ಅಲುಗಾಡಿ ಬಿಡದಂತೆ ಅದಕ್ಕೊಂದು ಮೊಳೆ ಅಥವಾ ಬೀಗವೂ ಬೇಕು. ಬಾಗಿಲಿನ ಕೆಳಗೆ ಬೆರಳು ತೂರುವಷ್ಟು ಸಂದೂ ಉಳಿಯಕೂಡದು.

ಛಾವಣಿಯು ಗೋಡೆಯ ಅಂಚಿನಲ್ಲಿ 5 ಅಡಿ, ಮಧ್ಯದಲ್ಲಿ 6 ಅಡಿ ಎತ್ತರವಿದ್ದು ಎರಡು ಕಡೆಗೂ ಇಳಿಜಾರಾಗಿ, ಸೂರು ಗೋಡೆಯಿಂದ 2 ಅಡಿ ಹೊರಚಾಚಿರಲಿ. ಬರಿಯ ಹುಲ್ಲಿನ ಛಾವಣಿಯು ತಂಪಾದರೂ ಇಲಿಗಳಿಗೂ ಉಣ್ಣೆಗಳಿಗೂ ಮನೆಯಾಗುವುದು. ಬೆಂಕಿಯ ಭಯವೂ ಉಂಟು. ಬರಿಯ ತಗಡು ಭದ್ರವಾದರೂ ಚೈತ್ರ ವೈಶಾಖಗಳಲ್ಲಿ ಕಾದ ಹೆಂಚಿನಂತಾಗುವುದು. ಆದುದರಿಂದ ತಗಡನ್ನು ಹೊದಿಸಿ, ಅದಕ್ಕೆ ಸುಣ್ಣ ಬಳಿದು, ಅದರ ಮೇಲೆ ಕಾಲುವೆಯ ಬದಿಯಲ್ಲಿ ಬೆಳೆಯುವ ಜೊಂಡಿನ ಚಾಪೆಯನ್ನು ಬೇಸಗೆಯಲ್ಲಿ ಮಾತ್ರ ಕಟ್ಟಿ, ಮಳೆಗಾಲಕ್ಕೆ ತೆಗೆದುಬಿಡುವುದು ಉತ್ತಮ ಮಾರ್ಗ. ಗೋಡೆಗೂ ತಗಡಿಗೂ ನಡುವಣ ಸಂದುಗಳನ್ನು ಅರ್ಧ ಅಂಗುಲದ ಬಲೆಯ ತುಂಡುಗಳಿಂದಲೇ ಮುಚ್ಚಬೇಕು. ಗಾಳಿಯು ಹೋಗಲಿ, ಹಾವು ಬಾರದಿರಲಿ.

ಒಳಗಿನ ಏರ್ಪಾಡು

ಕೋಳಿಯು ಸ್ವಭಾವತಃ ರಾತ್ರಿಯಲ್ಲಿ ಎತ್ತರದ ಕೊಂಬೆಯ ಮೇಲೆ ಕೂರುವ ಪಕ್ಷಿ. ಅದಕ್ಕಾಗಿ 6 ಅಡಿ ಉದ್ದದ ಎರಡು ಕೋಲುಗಳನ್ನು ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿ ಅಡ್ಡಲಾಗಿ ಇಡಬೇಕು. ದಕ್ಷಿಣದ ಗೋಡೆಯಿಂದ ಮೊದಲನೆಯ ಕೋಲು 15 ಅಂಗುಲ, ಅದರಿಂದ ಎರಡನೆಯದು 15 ಅಂಗುಲ ದೂರವಿರಲಿ. ಎರಡೂ ಒಂದೇ ಎತ್ತರದಲ್ಲಿರತಕ್ಕದ್ದು. ಒಂದು ಮೇಲೆ, ಒಂದು ಕೆಳಗೆ ಇದ್ದರೆ ಎಲ್ಲಾ ಕೋಳಿಗಳೂ ಮೇಲಿನದಕ್ಕಾಗಿಯೇ ಕಾದಾಡುವುವು. ಕೋಲು 2 ಅಂಗುಲ ದಪ್ಪವಿದ್ದು ಅಂಚುಗಳು ದುಂಡಗಿರಲಿ. ಬಳ್ಳಾರಿ ಜಾಲಿಯ ಕೋಲು ಎಲ್ಲರಿಗೂ ಸುಲಭವಾಗಿ ದೊರೆಯುವುದು. ಆದರೆ ತೊಗಟೆಯನ್ನು ತೆಗೆದು, ಮುಳ್ಳಿನ ಬುಡವೂ ಉಳಿಯದಂತೆ ಕೆತ್ತತಕ್ಕದ್ದು. ಮುಳ್ಳು ಚುಚ್ಚಿದ ಪಾದವು ಊದಿ ಕೀವುಗಟ್ಟುವುದು. ಟೊಳ್ಳಾದ ಬಿದಿರು ಉಣ್ಣೆಗಳಿಗೆ ಆಶ್ರಯವಾಗುವುದರಿಂದ ಬಿಡುವುದೇ ಲೇಸು.

ಮೊಟ್ಟೆಯಿಡುವುದಕ್ಕೆ ನಾಲ್ಕೈದು ಹೇಟೆಗಳಿಗೆ ಒಂದರಂತೆ ಮೂರು ಗೂಡುಗಳು ಸಾಕು. ಒಂದೊಂದೂ ಅಡಿ ಉದ್ದ, ಅಡಿ ಅಗಲ, 14 ಅಂಗುಲ ಎತ್ತರವಿದ್ದು, ಉತ್ತರದ ಗೋಡೆಯಲ್ಲಿ ನೆಲದಿಂದ ಒಂದು ಅಡಿ ಮೇಲೆ ಹೊರಕ್ಕೆ ಚಾಚಿದಂತಿರಲಿ. ಹೊರಗಿನಿಂದಲೇ ಮುಚ್ಚಳವನ್ನು ತೆರೆದು ಮೊಟ್ಟೆಯನ್ನು ತೆಗೆದುಕೊಳ್ಳಬಹುದು. ಆದರೆ ಆ ಮುಚ್ಚಳಕ್ಕೂ ಅಗುಳಿಯು ಅವಶ್ಯ. ಗೂಡುಗಳು ಮಲಗುವ ಕೋಲಿಗಿಂತ ಕೆಳಗಿರಬೇಕು. ಇಲ್ಲದಿದ್ದರೆ ಕೋಳಿಗಳು ಅವುಗಳಲ್ಲಿಯೇ ಮಲಗಿ ಹೊಲಸುಮಾಡುವುವು.

ನೆಲದ ಮೇಲೆ ಮೂರು ನಾಲ್ಕು ಅಂಗುಲ ದಪ್ಪವಾಗಿ ಬತ್ತದ ಹೊಟ್ಟನ್ನು ಹಾಸಬೇಕು. ಅಕ್ಕಿಯ ಗಿರಣಿಗಳಿರುವ ಸಿರುಗುಪ್ಪ ತಾಲ್ಲೂಕಿನಲ್ಲಿ ಇದು ಸುಲಭವಾಗಿ ಸಿಕ್ಕುವ ವಸ್ತು. ವಾರಕ್ಕೆ ಎರಡು ಸಲ ಕೆದಕಿ ಮೇಲುಕೆಳಗು ಮಾಡಬೇಕು, ಒದ್ದೆಯಾದ ಭಾಗವನ್ನು ಕೂಡಲೇ ತೆಗೆಯಬೇಕು. ಕೆಲವು ತಿಂಗಳಾದ ಮೇಲೆ ಹಳೆಯ ಹೊಟ್ಟನ್ನು ಗುಂಡಿಯಲ್ಲಿ ಕೊಳೆಯಿಸಿದರೆ ಹೊಲಕ್ಕೆ ಒಳ್ಳೆಯ ಗೊಬ್ಬರವಾಗುವುದು.

ಬಲೆಯ ಅಂಗಳ

ಮನೆಯ ಪೂರ್ವಕ್ಕೆ ಹೊಂದಿಕೊಂಡು ಪೂರ್ವಪಶ್ಚಿಮವಾಗಿ 12 ಅಡಿ, ಉತ್ತರದಕ್ಷಿಣವಾಗಿ 10 ಅಡಿ ಅಳತೆಯ ಅಂಗಳವಿರಲಿ. ಕೋಳಿಯೊಂದಕ್ಕೆ 10 ಚದರಡಿಯಾಗುವುದು. ಮನೆಯವರು ಹೊಲಕ್ಕೆ ಹೋದಾಗಲೂ ಕೋಳಿಗಳು ಇದರಲ್ಲಿ ನಿರ್ಭಯವಾಗಿರಬಹುದು. ಯಾರಾದರೂ ಹತ್ತಿರವಿರುವ ಸಂಜೆಯ ಹೊತ್ತಿನಲ್ಲಿ ಒಂದೆರಡು ತಾಸು ಹೊರಗೆ ಮೇಯಬಿಡುವುದು ಹಿತಕರ.

ನಾಲ್ಕು ಮೂಲೆಗಳಿಗೆ ನಾಲ್ಕು, ಉತ್ತರ, ದಕ್ಷಿಣ, ಪೂರ್ವಗಳ ನಡುವೆ ಒಂದೊಂದು, ಬಾಗಿಲಿಗೆ ಒಂದು, ಹೀಗೆ 8 ಅಡಿಯ ಎಂಟು ಕಲ್ಲುಕಂಬಗಳನ್ನು 2 ಅಡಿ ಹೂಳತಕ್ಕದ್ದು. ಪ್ರತಿಯೊಂದು ಕುಳಿಯನ್ನೂ ಗರಸು ಮತ್ತು ಜಲ್ಲಿಯಿಂದಲೇ ತುಂಬಿ ಬಡಿಯಬೇಕು. ಬಳಿಕ ಸುತ್ತಲೂ ಒಂದು ಅಡಿ ಆಳದ ಕಾಲುವೆಯನ್ನು ತೋಡಿ, 4 ಅಡಿ ಅಗಲದ ಅರ್ಧ ಅಂಗುಲದ ಬಲೆಯನ್ನು ಹೀಗೆ ನಿಲ್ಲಿಸಬೇಕು: 2 ಅಡಿ ನೆಲದ ಮೇಲೆ, ಒಂದು ಅಡಿ ನೆಲದ ಒಳಗೆ, ಉಳಿದ ಒಂದು ಅಡಿಯು ಕಾಲುವೆಯ ತಳದಲ್ಲಿ ಹೊರಮುಖವಾಗಿ ಮಡಿಸಿ ಮಲಗಿರಬೇಕು. ತೋಡುವ ಪ್ರಾಣಿಯು ಬಲೆಯ ಬುಡದಲ್ಲಿಯೇ ಕೆದರಲಾರಂಭಿಸುವುದು, ಕೆಳಗೆ ಹೋದಂತೆ ಕಾಲಿಗೆ ಮಲಗಿದ ಬಲೆಯೇ ಸಿಕ್ಕುವುದು. ಹಿಂದಕ್ಕೆ ಸರಿದು ತೋಡುವ ಬುದ್ಧಿಯು ಅದಕ್ಕೆ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಈ ಮಡಿಕೆಯೇ ಅಂಗಳದ ಭದ್ರತೆಯ ಮುಖ್ಯ ಮರ್ಮ. ಬಲೆಯನ್ನು ಹೂತಮೇಲೆ ಕಾಲುವೆಯನ್ನು ಗರಸು ಮಣ್ಣಿನಿಂದ ಮುಚ್ಚಿದರೆ ಬೇಸಗೆಯ ಬಿರುಕಿನ ಭಯವೂ ತಗ್ಗುವುದು.

ಮೇಲಣ 4 ಅಡಿಗೆ ಒಂದು ಅಂಗುಲದ ಸಾಧಾರಣ ಜಾಲರಿಯು ಸಾಕು. ಅಂಗಳದ ಮೇಲೆಯೂ ಅದನ್ನೇ ಹೊದಿಸಿ ಪಟ್ಟಿಗಳನ್ನು ತಂತಿಯಿಂದ ಹೆಣೆಯಬೇಕು. ಮೇಲ್ಭಾಗವು ಜೋತುಬೀಳದಂತೆ ಕಂಬದಿಂದ ಕಂಬಕ್ಕೆ ತಂತಿಯನ್ನು ಬಿಗಿದು, ನಡುವೆ ಒಂದು ಜಾಲಿಯ ಕಂಬವನ್ನು ನಿಲ್ಲಿಸಬೇಕು. ಅಂಗಳದ ನೆಲಕ್ಕೆ ಅರ್ಧ ಅಡಿ ಗರಸನ್ನು ಹರಡಿ ಒಂದು ಕಡೆಗೆ ಇಳಿಜಾರು ಕೊಡಬೇಕು. ಕರಿಯ ಮಣ್ಣಿನ ಕೆಸರಿನಲ್ಲಿ ನಿಂತ ಕೋಳಿಗಳಿಗೆ ಹುಳುಬಾಧೆಯೂ ಮರಿಗಳಿಗೆ ರಕ್ತಭೇದಿಯೂ ಬೇಗನೆ ತಗಲುವುವು. ಒಂದು ಮೂಲೆಯಲ್ಲಿ ಬೂದಿಯನ್ನೂ ಮರಳನ್ನೂ ಬೆರೆಸಿ ಇಟ್ಟರೆ ಕೋಳಿಗಳು ಅದರಲ್ಲಿ ಹೊರಳಿ ಹೇನುಗಳನ್ನು ತಾವೇ ಕಳೆದುಕೊಳ್ಳುವುವು.

ಬೇಕಾಗುವ ಮುಖ್ಯ ಸಾಮಗ್ರಿ

1. ಕಲ್ಲುಕಂಬಗಳು: 9 ಅಡಿಯವು 4, 8 ಅಡಿಯವು 8.
2. ಅರ್ಧ ಅಂಗುಲದ ಬೆಸೆದ ಬಲೆ, 4 ಅಡಿ ಅಗಲ: ಅಂಗಳದ ಬುಡಕ್ಕೆ 40 ಅಡಿ, ಮನೆಯ ಎರಡು ಪಕ್ಕಗಳಿಗೆ 12 ಅಡಿ, ಒಟ್ಟಿನ ಮಡಿಕೆಗೆ 3 ಅಡಿ, ಒಟ್ಟು 55 ಅಡಿ.
3. ಒಂದು ಅಂಗುಲದ ಜಾಲರಿ, 4 ಅಡಿ ಅಗಲ: ಪಕ್ಕಗಳಿಗೆ 40 ಅಡಿ, ಮೇಲ್ಭಾಗಕ್ಕೆ 10 ಅಡಿಯ ಮೂರು ಪಟ್ಟಿಗಳು, ಒಟ್ಟು 70 ಅಡಿ.
4. ಚಪ್ಪಡಿ, ಇಟ್ಟಿಗೆ, ತಗಡು, ಸುಣ್ಣ, ಗರಸು, ಕಟ್ಟುವ ತಂತಿ, ಅಗುಳಿಗಳು.

ಹಣದ ಅನುಕೂಲವು ಕಡಮೆಯಿದ್ದವರು ಕಲ್ಲುಕಂಬಗಳಿಗೆ ಬದಲಾಗಿ ಬುಡಕ್ಕೆ ಡಾಂಬರು ಬಳಿದ ಜಾಲಿಯ ಕಂಬಗಳನ್ನೂ, ಮೇಲ್ಭಾಗದ ಜಾಲರಿಗೆ ಬದಲಾಗಿ ಹಳೆಯ ಮೀನಿನ ಬಲೆಯನ್ನೂ ಉಪಯೋಗಿಸಬಹುದು. ಹಳೆಯ ಬಲೆಯು ಗಿಡುಗನನ್ನು ತಡೆಯುವುದಾದರೂ ಬೆಕ್ಕನ್ನು ತಡೆಯದಾದುದರಿಂದ ರಾತ್ರಿಯಲ್ಲಿ ಕಂಡಿಯನ್ನು ಮುಚ್ಚುವುದನ್ನು ಮರೆಯಕೂಡದು. ಅಂಗಳವನ್ನು ಮುಂದಿನ ವರ್ಷಕ್ಕೆ ಬಿಟ್ಟು ಮೊದಲು ಮನೆಯನ್ನು ಮಾತ್ರ ಕಟ್ಟಿದರೂ ಅಡ್ಡಿಯಿಲ್ಲ. ಆದರೆ ಬುಡದ ಅರ್ಧ ಅಂಗುಲದ ಬಲೆ, ಚಪ್ಪಡಿಯ ನೆಲ, ಬಾಗಿಲ ಅಗುಳಿ, ಈ ಮೂರರಲ್ಲಿ ಮಾತ್ರ ಉಳಿತಾಯ ಸಲ್ಲದು.

ಬೇಸಗೆಯ ಎಚ್ಚರಿಕೆ

ಬಳ್ಳಾರಿ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣವು 40 ಡಿಗ್ರಿ ಸೆಂಟಿಗ್ರೇಡನ್ನು ಮೀರುವುದುಂಟು. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಅದು ಬಾಯಿ ತೆರೆದು ಏದುವುದರಿಂದಲೇ ಮೈಯ ಶಾಖವನ್ನು ಕಳೆದುಕೊಳ್ಳಬೇಕು. ರೆಕ್ಕೆಯನ್ನು ಜೋತುಬಿಟ್ಟು ಏದುತ್ತಿರುವ ಕೋಳಿಯು ಅಪಾಯದಲ್ಲಿದೆಯೆಂದು ತಿಳಿಯಬೇಕು. ಮುಂಗುಸಿಯ ಭಯದಿಂದ ನಾಲ್ಕು ಕಡೆಯೂ ಹಲಗೆ ಹೊಡೆದು ಮುಚ್ಚಿದ ಗೂಡಿನಲ್ಲಿ ಬಿಸಿಲೇ ಮುಂಗುಸಿಯ ಕೆಲಸವನ್ನು ಮಾಡುವುದು. ಬಲೆಯ ಕಿಟಕಿಯನ್ನು ಇಷ್ಟು ಅಗಲವಾಗಿ ಹೇಳಿರುವುದು ಇದಕ್ಕಾಗಿಯೇ. ಮಧ್ಯಾಹ್ನದಲ್ಲಿ ದಕ್ಷಿಣದ ಬಲೆಗೆ ಒದ್ದೆಮಾಡಿದ ಗೋಣಿತಟ್ಟುಗಳನ್ನು ಇಳಿಬಿಡಬೇಕು, ಆದರೆ ಗಾಳಿಯು ಪೂರ್ತಿಯಾಗಿ ನಿಲ್ಲಕೂಡದು. ಹನ್ನೆರಡು ಕೋಳಿಗಳಿಗೆ ಸಾಧಾರಣ ದಿನದಲ್ಲಿ 3 ಲೀಟರ್ ನೀರು ಸಾಕಾದರೆ ಬೇಸಗೆಯಲ್ಲಿ ಅದರ ಎರಡರಷ್ಟು ಬೇಕಾಗಬಹುದು. ಮಣ್ಣಿನ ಪಾತ್ರೆಯನ್ನು ನೆರಳಿನಲ್ಲಿಟ್ಟು ಎರಡು ಮೂರು ಸಲ ತಣ್ಣೀರನ್ನು ಬದಲಾಯಿಸಬೇಕು. ಮೇವನ್ನು ಮುಂಜಾನೆ ಮತ್ತು ಸಂಜೆಯ ತಂಪಿನಲ್ಲಿ ಕೊಡತಕ್ಕದ್ದು.

ಉಣ್ಣೆ ಮತ್ತು ರೋಗಗಳು

ಬಲೆಯಿಂದ ತಡೆಯಲಾಗದ ಶತ್ರುಗಳೂ ಉಂಟು. ಒಣ ಹವೆಯ ಸೀಮೆಗಳಲ್ಲಿ ಕೋಳಿಯ ಉಣ್ಣೆಯು ಹಗಲೆಲ್ಲಾ ಗೋಡೆಯ ಬಿರುಕು, ಕೋಲಿನ ಸಂದುಗಳಲ್ಲಿ ಅಡಗಿದ್ದು ರಾತ್ರಿಯಲ್ಲಿ ಬಂದು ರಕ್ತವನ್ನು ಹೀರುವುದು. ಆಹಾರವಿಲ್ಲದೆ ಬಹುಕಾಲ ಬದುಕಬಲ್ಲುದಾದುದರಿಂದ ಗೂಡನ್ನು ಕೆಲವು ತಿಂಗಳು ಬರಿದಾಗಿಟ್ಟರೂ ನಾಶವಾಗದು. ಕೋಳಿಗಳು ಸೊರಗಿ, ಜುಟ್ಟು ಬಿಳಿಚಿಕೊಂಡರೆ, ರಾತ್ರಿ ದೀಪ ಹಿಡಿದು ಕೋಲಿನ ತುದಿಗಳನ್ನು ಪರೀಕ್ಷಿಸಬೇಕು. ಬಿರುಕುಗಳನ್ನು ಗಾರೆಯಿಂದ ಮುಚ್ಚಿ, ವರ್ಷಕ್ಕೆ ಎರಡು ಸಲ ಸುಣ್ಣ ಬಳಿದು, ಕೋಲುಗಳನ್ನು ಹೊರತೆಗೆದು ಕುದಿನೀರು ಹೊಯ್ದು ಒಣಗಿಸಬೇಕು. ಔಷಧಿಯನ್ನು ಸಿಂಪಡಿಸುವುದಾದರೆ ಪಶುವೈದ್ಯರ ಸಲಹೆಯಂತೆಯೇ ಮಾಡಬೇಕು. ಬತ್ತ, ಹತ್ತಿಗಳ ಬೆಳೆಗೆ ಹೊಡೆದು ಮಿಕ್ಕ ಔಷಧವನ್ನು ಕೋಳಿಮನೆಗೆ ಹೊಡೆಯಲೇಕೂಡದು.

ಕೊಕ್ಕರೆ ರೋಗಕ್ಕೆ ಮರಿಗಳಿಗೆ ಮೊದಲನೆಯ ವಾರದಲ್ಲಿ ಕಣ್ಣಿಗೆ ಹನಿ ಹಾಕಿಸಿ, ಎಂಟನೆಯ ವಾರದ ಸುಮಾರಿಗೆ ಚುಚ್ಚುಮದ್ದನ್ನು ಕೊಡಿಸುವುದು ಅವಶ್ಯ. ಹೊಸದಾಗಿ ಸಂತೆಯಿಂದ ತಂದ ಕೋಳಿಯನ್ನು ಎರಡು ವಾರ ಬೇರೆಯಾಗಿಟ್ಟು ನೋಡಿದ ಮೇಲೆ ಗುಂಪಿಗೆ ಸೇರಿಸಬೇಕು.

2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರವು ಕಾಣಿಸಿಕೊಂಡಿತು. ಈ ರೋಗದ ವಿಷಾಣುವನ್ನು ನೀರುಹಕ್ಕಿಗಳು ಹೊತ್ತು ತರಬಲ್ಲುವು. ಕೆರೆ, ಕಾಲುವೆ, ಬತ್ತದ ಗದ್ದೆಗಳಿರುವಲ್ಲಿ ಇಂಥ ಹಕ್ಕಿಗಳ ಸಂಚಾರವು ಸಹಜ. ಆದುದರಿಂದ ಅಂಗಳದಲ್ಲಿ ಮೇವು ನೀರುಗಳನ್ನಿಡುವ ಭಾಗಕ್ಕೆ ತಗಡನ್ನು ಹೊದಿಸಿ ಹಿಕ್ಕೆ ಬೀಳದಂತೆ ಮಾಡಬೇಕು, ಗದ್ದೆಯ ಕೆಸರು ಮೆಟ್ಟಿದ ಕಾಲಿನಲ್ಲಿ ಕೋಳಿಮನೆಯನ್ನು ಹೊಗಬಾರದು. ಒಮ್ಮೆಗೇ ಹಲವು ಕೋಳಿಗಳು ಸತ್ತರೆ ಅವುಗಳನ್ನು ತಿನ್ನುವುದು, ಮಾರುವುದು, ಕಾಲುವೆಗೆ ಎಸೆಯುವುದು ಮಹಾಪರಾಧವೆಂದೇ ತಿಳಿಯಬೇಕು. ಬರಿಗೈಯಲ್ಲಿ ಮುಟ್ಟದೆ ಕೂಡಲೇ ಪಶುವೈದ್ಯರಿಗೆ ತಿಳಿಸಿ, ಅವರ ಸೂಚನೆಯಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳತಕ್ಕದ್ದು.

ನಿತ್ಯದ ಕೆಲಸ

ಎಷ್ಟು ಭದ್ರವಾದ ಮನೆಯಾದರೂ ಸಂಜೆ ಮುಚ್ಚದಿದ್ದರೆ ನಿಷ್ಪ್ರಯೋಜಕ. ಕತ್ತಲಾಗುವ ಮುನ್ನ ಕೋಳಿಗಳನ್ನು ಎಣಿಸಿ, ಕಂಡಿ, ಬಾಗಿಲು, ಮೊಟ್ಟೆಯ ಮುಚ್ಚಳ ಮೂರನ್ನೂ ಅಗುಳಿ ಹಾಕುವ ಕೆಲಸವನ್ನು ಮನೆಯಲ್ಲಿ ಒಬ್ಬರಿಗೇ ಒಪ್ಪಿಸಬೇಕು. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗದು. ಮೊಟ್ಟೆಗಳನ್ನು ದಿನಕ್ಕೆರಡು ಸಲ ತೆಗೆಯಬೇಕು, ಉಳಿದ ಮೇವನ್ನು ರಾತ್ರಿ ಅಂಗಳದಲ್ಲಿ ಬಿಡದೆ ತಗಡಿನ ಡಬ್ಬದಲ್ಲಿ ಮುಚ್ಚಿಡಬೇಕು. ಮೇವಿಗೆ ಇಲಿ ಬರುವುದು, ಇಲಿಯನ್ನು ಹುಡುಕಿ ಹಾವು ಬರುವುದು. ವಾರಕ್ಕೊಮ್ಮೆ ಬಲೆಯ ಬುಡವನ್ನು ಸುತ್ತಿ ನೋಡಿ ಹೊಸ ಬಿರುಕು ಬಿಲಗಳನ್ನು ಗರಸಿನಿಂದ ಮುಚ್ಚಬೇಕು. ಮರಿಗಳನ್ನು ತಾಯಿಯೊಡನೆ ಮೊದಲ ಆರೇಳು ವಾರ ಅಂಗಳದ ಒಳಗೇ ಇಟ್ಟುಕೊಳ್ಳುವುದು ಕ್ಷೇಮ.

ಹೆಚ್ಚಿನ ವಿವರಗಳು ಬೇಕಾದವರು ಸಮೀಪದ ಪಶುವೈದ್ಯ ಆಸ್ಪತ್ರೆಯಲ್ಲಿಯೂ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ವಿಚಾರಿಸಬಹುದು. ಬೆಳೆಗೆ ಬೇಲಿಯನ್ನು ಕಟ್ಟದೆ ಬಿತ್ತುವ ರೈತನಿಲ್ಲ. ಹಿತ್ತಲ ಕೋಳಿಯೂ ಒಂದು ಬೆಳೆಯೇ ಆದುದರಿಂದ, ಮರಿಗಳನ್ನು ಕೊಳ್ಳುವುದಕ್ಕೆ ಮೊದಲು ಮನೆಯನ್ನು ಕಟ್ಟಿ ಸಿದ್ಧಪಡಿಸಿಕೊಳ್ಳುವುದು ಸರ್ವ ರೀತಿಯಲ್ಲಿಯೂ ಯುಕ್ತವಾದದ್ದು.